ಹಸಿರು ಚುಕ್ಕೆ ಕಾಣದ ನಲವತ್ತು ನಿಮಿಷ

ಮಂಗಳವಾರ ಬೆಳಿಗ್ಗೆ ತಂಡದ ಚಾನೆಲ್‌ನಲ್ಲಿ, ಎಲ್ಲರ ಕಣ್ಣೆದುರಿಗೇ, ಮುಖ್ಯಸ್ಥರ ಸಾಲೊಂದು ಬಂತು: "ಹತ್ತೂವರೆಯಿಂದ ನಿಮ್ಮ ಹಸಿರು ಚುಕ್ಕೆ ಕಾಣಿಸ್ತಿಲ್ಲ. ಎಲ್ಲಿದ್ದೀರಾ?" ಚಾಟ್ ಆ್ಯಪ್‌ನಲ್ಲಿ ಹೆಸರಿನ ಪಕ್ಕ ಕಾಣುವ, ಆನ್‌ಲೈನ್‌ನಲ್ಲಿದ್ದೀರಿ ಅನ್ನುವ ಗುರುತೇ ಈ ಚುಕ್ಕೆ. ಡಿಸೈನರ್ ಉತ್ತರ ಹಾಕಿದಾಗ ಹನ್ನೊಂದು ಹತ್ತು. "ಇಲ್ಲೇ ಇದ್ದೀನಿ ಸರ್. ಹಾಳೆ ಮೇಲೆ ಗೀಚ್ತಾ ಇದ್ದೆ." ಅದಕ್ಕೆ ಮುಖ್ಯಸ್ಥರು ಹಾಕಿದ್ದು ಒಂದು ಹೆಬ್ಬೆರಳಿನ ಚಿಹ್ನೆ.

ವಾರ ಮುಗಿಯುತ್ತಾ ಬಂದರೂ ಆ ಮಾತುಕತೆ ತಲೆಯಿಂದ ಇಳಿಯುತ್ತಿಲ್ಲ. ಬೈಗುಳವಿಲ್ಲ, ಬೆದರಿಕೆಯಿಲ್ಲ, ಬಹುವಚನದ ಮರ್ಯಾದೆಯೂ ಇದೆ. ಆದರೆ ಎಲ್ಲರೂ ಅವರವರ ಜಾಗದಿಂದಲೇ ದುಡಿಯುವ ಇಂಥ ರಿಮೋಟ್ ಡಿಸೈನ್ ಏಜೆನ್ಸಿಯಲ್ಲಿ ಕಟ್ಟಡವಿಲ್ಲ, ಕ್ಯಾಬಿನ್ ಇಲ್ಲ, ನಡುವೆ ಓಡಾಡುವ ಜಾಗವಿಲ್ಲ. ಮುಖ್ಯಸ್ಥರು ಬರೆದ ಸಾಲುಗಳೇ ಅಲ್ಲಿಯ ಕಚೇರಿ. "ಎಲ್ಲಿದ್ದೀರಾ?" ಅಂತ ಒಬ್ಬರನ್ನು ಕೇಳಿದ್ದನ್ನು ಹದಿನೆಂಟು ಮಂದಿ ಓದಿದರು. ಅವರಲ್ಲಿ ಒಬ್ಬಾಕೆ ಸೇರಿ ಇನ್ನೂ ಎರಡನೇ ವಾರ. ಕೆಲಸಕ್ಕೆ ಸೇರುವಾಗ ಆಕೆಗೆ ಕಳುಹಿಸಿದ ಸ್ವಾಗತದ ಫೈಲ್‌ಗಳಿಗಿಂತ ಈ ಒಂದು ಸಾಲು ಹೆಚ್ಚು ಕಲಿಸಿರುತ್ತದೆ.

ಆ ಚುಕ್ಕೆಗೆ ಏನು ಗೊತ್ತು ಅನ್ನುವುದನ್ನು ಮೊದಲು ನೋಡಬೇಕು. ಕಚೇರಿಗಳ ಚಾಟ್‌ಗೆ ಹೆಚ್ಚಾಗಿ ಬಳಸುವ ಆ್ಯಪ್‌ಗಳು ಸ್ಲ್ಯಾಕ್ ಮತ್ತು ಟೀಮ್ಸ್. ಸ್ಲ್ಯಾಕ್‌ನ ಡೆಸ್ಕ್‌ಟಾಪ್ ಆ್ಯಪ್, ಕಂಪ್ಯೂಟರಿನಲ್ಲಿ 10 ನಿಮಿಷ ಯಾವ ಚಲನೆಯೂ ಇಲ್ಲದಿದ್ದರೆ ನಿಮ್ಮನ್ನು 'ಅವೇ', ಅಂದರೆ ಜಾಗದಲ್ಲಿಲ್ಲ, ಅಂತ ತೋರಿಸುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ಗೆ 5 ನಿಮಿಷ ಸಾಕು. ಅಂದರೆ ಕೈ ಮೌಸ್ ಮೇಲಿದೆಯೋ ಇಲ್ಲವೋ ಅನ್ನುವುದಷ್ಟೇ ಅದರ ತಿಳಿವಳಿಕೆ. ಲೋಗೋ ಕೆಲಸದ ಮೊದಲ ದಿನ ಪೆನ್ಸಿಲ್ಲು ಹಾಳೆಯಲ್ಲೇ ಕಳೆಯುತ್ತದೆ, ಕಳೆಯಲೂಬೇಕು; ನೇರ ಸ್ಕ್ರೀನಿಗೆ ಹೋದವರು ಮೊದಲು ಹೊಳೆದ ಎರಡು ಆಕಾರಗಳನ್ನೇ ತಿದ್ದುತ್ತಾ ಕೂರುತ್ತಾರೆ. ಕ್ಲೈಂಟ್ ಜೊತೆ ಮೊಬೈಲಿನಲ್ಲಿ ಅರ್ಧ ಗಂಟೆ ಮಾತಾಡಿದರೂ, ಬ್ರೀಫನ್ನು, ಅಂದರೆ ಏನು ಮಾಡಬೇಕೆಂಬ ಬರಹದ ವಿವರಣೆಯನ್ನು, ಪ್ರಿಂಟ್ ತೆಗೆದು ಗೆರೆ ಎಳೆಯುತ್ತಾ ಓದಿದರೂ ಚುಕ್ಕೆ ಆರುತ್ತದೆ. ಸುಮ್ಮನೆ ಸುದ್ದಿ ಸೈಟ್ ಸ್ಕ್ರೋಲ್ ಮಾಡುವವರ ಚುಕ್ಕೆ ದಿನವಿಡೀ ಹಸಿರು. ಚುಕ್ಕೆಯನ್ನೇ ನೋಡುವ ಕಡೆ ಚುಕ್ಕೆಯನ್ನು ಉಳಿಸಿಕೊಳ್ಳುವ ದಾರಿಗಳೂ ಹುಟ್ಟುತ್ತವೆ. 2024ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಕೀಬೋರ್ಡ್ ಚಟುವಟಿಕೆಯನ್ನು ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ನಟಿಸಿದ್ದು ತಪ್ಪೇ. ಆದರೆ ಅಳತೆ ಕೀಬೋರ್ಡಿನದ್ದಾದಾಗ ನಟನೆಯೂ ಕೀಬೋರ್ಡಿನದ್ದೇ ಆಗುತ್ತದೆ.

ಮುಖ್ಯಸ್ಥರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಸಂಬಳ ಒಂದು ದಿನವೂ ತಡವಾಗಿಲ್ಲ. ಕ್ಲೈಂಟ್ ಅವಮಾನ ಮಾಡಿದಾಗ ತಂಡದ ಪರ ನಿಂತವರು ಅವರು. ಆ ದಿನ ಹತ್ತೂಮುಕ್ಕಾಲಿಗೆ ಕ್ಲೈಂಟ್ ಫೋನ್ ಮಾಡಿ "ಎಲ್ಲಿಗೆ ಬಂತು?" ಅಂದಿದ್ದರಂತೆ. ಉತ್ತರ ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಕೆಲಸ ಯಾವ ಹಂತದಲ್ಲಿದೆ ಎಂದು ತೋರಿಸುವ ಒಂದು ಪುಟ ಇರಲಿಲ್ಲ, ಇದ್ದದ್ದು ಚುಕ್ಕೆ ಮಾತ್ರ, ಅದನ್ನೇ ನೋಡಿದರು. ಮೈಕ್ರೋಸಾಫ್ಟ್ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 87ರಷ್ಟು ನೌಕರರು ತಮ್ಮ ಕೆಲಸ ಚೆನ್ನಾಗಿ ಸಾಗುತ್ತಿದೆ ಅಂದಿದ್ದರು. ತಮ್ಮ ತಂಡ ಕೆಲಸ ಮಾಡುತ್ತಿದೆ ಎಂಬ ಪೂರ್ತಿ ನಂಬಿಕೆ ಇದ್ದ ಮುಖ್ಯಸ್ಥರು ಶೇ. 12 ಮಾತ್ರ. ಈ ಅಂತರವನ್ನು ಯಾವ ಚುಕ್ಕೆಯೂ ತುಂಬುವುದಿಲ್ಲ, ಕಣ್ಣಿಗೆ ಕಾಣುವ ಕೆಲಸ ತುಂಬುತ್ತದೆ.

ಹೆಚ್ಚು ಬೇಸರ ಬಂದದ್ದು ಪ್ರಾಜೆಕ್ಟ್ ಮ್ಯಾನೇಜರ್ ಮೇಲೆ. ಮೊದಲ ಸ್ಕೆಚ್‌ಗಳ ಗಡುವು ಬುಧವಾರ ಸಂಜೆ ಅಂತ ಅವರಿಗೆ ಗೊತ್ತಿತ್ತು. ಆ ಚಾನೆಲ್‌ನಲ್ಲೇ ಇದ್ದರು, ಅವರ ಚುಕ್ಕೆ ಹಸಿರೇ ಇತ್ತು. "ಇವತ್ತು ಸ್ಕೆಚ್ ದಿನ, ನಾಳೆ ಸಂಜೆ ಮೂರು ಬಗೆಯ ಸ್ಕೆಚ್ ತೋರಿಸ್ತಾರೆ, ಕ್ಲೈಂಟ್‌ಗೆ ನಾನು ಹೇಳ್ತೀನಿ" ಅಂತ ಒಂದು ಸಾಲು ಹಾಕಿದ್ದರೆ ಮುಖ್ಯಸ್ಥರ ಆತಂಕ ಅಲ್ಲಿಗೇ ನಿಲ್ಲುತ್ತಿತ್ತು, ಡಿಸೈನರ್ ಒಬ್ಬಂಟಿಯಾಗಿ ಸಮಜಾಯಿಷಿ ಕೊಡಬೇಕಾಗುತ್ತಿರಲಿಲ್ಲ. ಆ ಹುದ್ದೆ ಇರುವುದೇ ಆ ಒಂದು ಸಾಲಿಗಾಗಿ. ಹಿರಿಯರೊಬ್ಬರು ಆಮೇಲೆ ಡಿಸೈನರ್‌ಗೆ ಖಾಸಗಿಯಾಗಿ "ಬೇಜಾರು ಮಾಡ್ಕೋಬೇಡಿ" ಅಂತ ಬರೆದರಂತೆ. ಒಳ್ಳೆಯ ಮನಸ್ಸು. ಆದರೆ ಎಲ್ಲರೆದುರು ಆದದ್ದಕ್ಕೆ ಮುಚ್ಚಿದ ಬಾಗಿಲ ಹಿಂದಿನ ಸಮಾಧಾನ ಸಾಲದು.

ಮತ್ತೆ ಆ ಸಾಲಿಗೆ ಬರುತ್ತೇನೆ. "ಎಲ್ಲಿದ್ದೀರಾ?" ಅದನ್ನು ಅವರು ಸಹಜವಾಗಿಯೇ ಕೇಳಿರಬಹುದು. ಕ್ರೂಗರ್ ಮತ್ತು ಎಪ್ಲಿ ಎಂಬ ಮನೋವಿಜ್ಞಾನಿಗಳು ಸಂಗಡಿಗರ ಜೊತೆ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಮೇಲ್ ಬರೆದವರು ತಮ್ಮ ಧಾಟಿ, ಅಂದರೆ ವ್ಯಂಗ್ಯವೋ ಗಂಭೀರವೋ ಅನ್ನುವುದು, ಸುಮಾರು ಶೇ. 78 ಸಲ ಓದುವವರಿಗೆ ತಿಳಿಯುತ್ತದೆ ಎಂದುಕೊಂಡಿದ್ದರು. ನಿಜವಾಗಿ ತಿಳಿದದ್ದು ಶೇ. 56ರಷ್ಟು. ನಾಣ್ಯ ಚಿಮ್ಮಿದರೂ ಶೇ. 50 ಸರಿಯಾಗುತ್ತದೆ. ಬರೆಯುವವರ ಕಿವಿಯಲ್ಲಿ ಅವರದೇ ದನಿ ಇರುತ್ತದೆ, ಓದುವವರ ಎದುರು ಬರಿಯ ಅಕ್ಷರ. ಸಂಬಳ ಕೊಡುವವರು ಬರೆದ ಅಕ್ಷರವಾದರೆ ಓದುವವರು ಅದರಲ್ಲಿ ಅತಿ ಕೆಟ್ಟ ಅರ್ಥವನ್ನೇ ಮೊದಲು ಹುಡುಕುತ್ತಾರೆ. ಹೆಬ್ಬೆರಳಿನ ಚಿಹ್ನೆಯೂ ಹಾಗೆಯೇ: "ಸರಿ, ಮುಂದುವರಿಸಿ" ಅಂತಲೋ, "ನೋಡ್ಕೋತೀನಿ" ಅಂತಲೋ ಯಾರಿಗೂ ತಿಳಿಯಲಿಲ್ಲ. ಅದಕ್ಕೇ ಹೆಸರು ಹಿಡಿದು ಕೇಳುವ ಪ್ರಶ್ನೆ ಖಾಸಗಿಯಾಗಿರಬೇಕು, ಕಾರಣ ಮೊದಲು ಬರಬೇಕು. "ಕ್ಲೈಂಟ್ ಈಗ ಫೋನ್ ಮಾಡಿದ್ರು. ಲೋಗೋ ಎಲ್ಲಿಗೆ ಬಂತು ಅಂತ ನಾನು ಅವರಿಗೆ ಏನು ಹೇಳಲಿ?" ಎಂದು ಕೇಳಿದ್ದರೆ ಡಿಸೈನರ್ ಹಾಳೆಯ ಫೋಟೋ ತೆಗೆದು ಕಳಿಸುತ್ತಿದ್ದರು. ಕ್ಲೈಂಟ್‌ಗೂ ಉತ್ತರ ಸಿಗುತ್ತಿತ್ತು.

ಬುಧವಾರ ಬೆಳಿಗ್ಗೆಯಿಂದ ಎಲ್ಲರ ಚುಕ್ಕೆ ಹಸಿರು. ಸಂದೇಶಕ್ಕೆ ಒಂದು ನಿಮಿಷದೊಳಗೆ ಉತ್ತರ. "ಇದು ನಂಗೆ ಗೊತ್ತಾಗ್ತಿಲ್ಲ" ಅನ್ನುವ ಸಂದೇಶಗಳು ಚಾನೆಲ್‌ನಿಂದ ಮಾಯ. ಮೇಲಿನಿಂದ ನೋಡುವವರಿಗೆ ಇದು ಶಿಸ್ತಿನಂತೆ ಕಾಣುತ್ತದೆ. ನಿಜವಾದ ನಷ್ಟ ಆಗುವುದು ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡುವ ಟೈಮ್‌ಶೀಟ್‌ನಲ್ಲಿ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಏಜೆನ್ಸಿ ಮಾರುವುದು ಗಂಟೆಗಳನ್ನು. ವಾರಕ್ಕೆ 40 ಗಂಟೆಯಲ್ಲಿ 30 ಗಂಟೆ ಕ್ಲೈಂಟ್ ಲೆಕ್ಕಕ್ಕೆ ಹೋದರೆ ಬಳಕೆ ಶೇ. 75. ಉಳಿದ 10 ಗಂಟೆಯಲ್ಲಿ ಮೀಟಿಂಗ್, ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸುವುದು, ಹೊಸ ಪ್ರಪೋಸಲ್ ಬರೆಯುವುದು, ಕಲಿಯುವುದು ಎಲ್ಲ ಆಗಬೇಕು. ಆ ಬಳಕೆಯನ್ನು ಶೇ. 90ಕ್ಕೆ ಏರಿಸಿ ಅಂದರೆ ಉಳಿಯುವುದು 4 ಗಂಟೆ. ದಿನಕ್ಕೆ ಅರ್ಧ ಗಂಟೆಯ ಮೀಟಿಂಗ್ ಒಂದೇ ಅದರಲ್ಲಿ ಎರಡೂವರೆ ಗಂಟೆ ತಿನ್ನುತ್ತದೆ. ಮಿಕ್ಕ ಕೆಲಸ ರಾತ್ರಿಗೆ ಜಾರುತ್ತದೆ.

ಈಗ ಜಾಹೀರಾತು ಒತ್ತಿದವರು ಬಂದಿಳಿಯುವ ಒಂದು ವೆಬ್ ಪುಟಕ್ಕೆ, ಅಂದರೆ ಲ್ಯಾಂಡಿಂಗ್ ಪೇಜ್‌ಗೆ 12 ಗಂಟೆ ಅಂತ ಕೊಟೇಶನ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಹಿಡಿದದ್ದು 19. ಹೆಚ್ಚಾದ 7ರಲ್ಲಿ 4 ಗಂಟೆ, ಲೇಔಟ್ ಮುಗಿದ ಮೇಲೆ ಕ್ಲೈಂಟ್ ಬರಹ ಬದಲಿಸಿದ್ದಕ್ಕೆ. 2 ಗಂಟೆ, ತಪ್ಪು ಅಳತೆಯಲ್ಲಿ ಬಂದ ಫೋಟೋಗಳನ್ನು ಮತ್ತೆ ಕತ್ತರಿಸಿದ್ದಕ್ಕೆ. 1 ಗಂಟೆ, ಮೊಬೈಲ್‌ನಲ್ಲಿ ಬಟನ್ ಕೆಳಗೆ ಜಾರುತ್ತಿದ್ದುದನ್ನು ಸರಿಪಡಿಸಿದ್ದಕ್ಕೆ. "ಎಲ್ಲಿದ್ದೀರಾ?" ಎಂದು ಕೇಳಿಸಿಕೊಂಡವರು, ಅದನ್ನು ಪಕ್ಕದಲ್ಲಿ ನಿಂತು ಓದಿದವರು, ಟೈಮ್‌ಶೀಟ್‌ನಲ್ಲಿ 19 ಬರೆಯುವುದಿಲ್ಲ. 12 ಬರೆದು ಉಳಿದ 7ನ್ನು ರಾತ್ರಿ ಕೂತು ಮುಗಿಸುತ್ತಾರೆ. ಮುಂದಿನ ಕ್ಲೈಂಟ್‌ಗೆ ಕೊಟೇಶನ್ ಮಾಡುವವರು ಹಳೆಯ ಟೈಮ್‌ಶೀಟ್ ತೆಗೆದು ನೋಡುತ್ತಾರೆ. ಅಲ್ಲಿ 12 ಇದೆ, ಮತ್ತೆ 12 ಅನ್ನುತ್ತಾರೆ. ಮತ್ತೆ ಯಾರದೋ 7 ಗಂಟೆ ರಾತ್ರಿಗೆ ಹೋಗುತ್ತದೆ. ಕಾಗದದಲ್ಲಿ ಲಾಭ ಕಾಣುತ್ತದೆ, ಗಡುವು ಮಾತ್ರ ಪದೇಪದೇ ತಪ್ಪುತ್ತದೆ. ಯಾಕೆ ತಪ್ಪುತ್ತಿದೆ ಎಂದು ತಿಳಿಯದ ಮುಖ್ಯಸ್ಥರು ಚುಕ್ಕೆಯನ್ನು ಇನ್ನಷ್ಟು ನೋಡತೊಡಗುತ್ತಾರೆ. ಹೆದರಿಕೆ ಮೊದಲು ಹಾಳುಮಾಡುವುದು ಮುಖ್ಯಸ್ಥರು ನೆಚ್ಚಿಕೊಂಡ ಅಂಕಿಗಳನ್ನೇ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಇದನ್ನೇ ಗುರುತಿಸಿದ್ದರು: ಹಿಡಿತಕ್ಕೆಂದು ಬಳಸಿದ ಅಂಕಿಗೂ ಅದು ತೋರಿಸಬೇಕಾದ ವಾಸ್ತವಕ್ಕೂ ಮೊದಲಿದ್ದ ನಂಟು ಉಳಿಯುವುದಿಲ್ಲ.

ಇದಕ್ಕೆ ಮದ್ದು ಇದೆ, ಕಷ್ಟದ್ದೂ ಅಲ್ಲ. ಟೈಮ್‌ಶೀಟನ್ನು ಶುಕ್ರವಾರ ಸಂಜೆ ನೆನಪಿನಿಂದ ತುಂಬಿದರೆ ಎಲ್ಲ ದಿನವೂ ದುಂಡಗೆ 8 ಗಂಟೆ ಬರುತ್ತದೆ. ಆಯಾ ದಿನವೇ, 15 ನಿಮಿಷದ ತುಂಡುಗಳಲ್ಲಿ ತುಂಬಬೇಕು. ಮೂಲ ಕೆಲಸ, ಕ್ಲೈಂಟ್ ಹೇಳಿದ ತಿದ್ದುಪಡಿ, ನಮ್ಮದೇ ತಪ್ಪಿನ ಮರುಕೆಲಸ, ಕಾಯುವಿಕೆ, ಇವಕ್ಕೆ ಬೇರೆ ಬೇರೆ ಕೋಡ್ ಇರಬೇಕು. ಆಗ 7 ಗಂಟೆ ಹೆಚ್ಚಾದದ್ದು ಯಾರ ಸೋಮಾರಿತನದಿಂದಲೂ ಅಲ್ಲ, ಬರಹ ಅಂತಿಮವಾಗುವ ಮೊದಲೇ ಲೇಔಟ್ ಶುರುವಾದದ್ದರಿಂದ ಅಂತ ಕಾಣುತ್ತದೆ. ಮುಂದಿನ ಒಪ್ಪಂದದಲ್ಲಿ "ಬರಹ ಅಂತಿಮವಾದ ಮೇಲೆ ಲೇಔಟ್, ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಬೇರೆ ಬಿಲ್" ಅಂತ ಸೇರಿಸಬಹುದು. ಇನ್ನೊಂದು ನಿಯಮ: ಗಂಟೆಗಳ ಮುಕ್ಕಾಲು ಪಾಲು ಖರ್ಚಾದಾಗ, ಅಂದರೆ 12ರಲ್ಲಿ 9 ಆದಾಗ, ಕೆಲಸ ಮಾಡುವವರು ಹೇಳಬೇಕು. "9 ಆಗಿದೆ, ಕೆಲಸ ಇನ್ನೂ ಅರ್ಧ ಬಾಕಿ ಇದೆ" ಅಂತ ಮೊದಲು ಹೇಳುವವರಿಗೆ ಮುಖ್ಯಸ್ಥರು ಹೇಗೆ ಉತ್ತರಿಸುತ್ತಾರೋ ಅದರ ಮೇಲೆ ಎರಡನೆಯವರು ಬಾಯಿ ಬಿಡುತ್ತಾರೋ ಇಲ್ಲವೋ ನಿಂತಿದೆ.

ಕೆಲಸ ಕಾಣಬೇಕಾದರೆ ಬ್ರೀಫ್ ಸರಿ ಇರಬೇಕು. ಯಾರಿಗಾಗಿ, ಏನೇನು ಕೊಡಬೇಕು, ಎಷ್ಟು ಗಂಟೆ, ಮೊದಲ ನೋಟ ಯಾವತ್ತು, ಒಪ್ಪಿಗೆ ಕೊಡುವವರು ಯಾರು, ಫೈಲ್ ಎಲ್ಲಿದೆ, ಇಷ್ಟು ಒಂದು ಪುಟದಲ್ಲಿ. ಒಪ್ಪಿಗೆ ಕೊಡುವವರು ಒಬ್ಬರೇ ಆಗಿರಲಿ. ಇಬ್ಬರಾದರೆ ಒಬ್ಬರು ನೀಲಿ ಕೇಳುತ್ತಾರೆ, ಇನ್ನೊಬ್ಬರು ಕೆಂಪು, ನಡುವೆ ಎರಡು ದಿನ ಹೋಗುತ್ತದೆ. ದಿನದ ಕೊನೆಗೆ ಪ್ರತಿಯೊಬ್ಬರಿಂದ ಮೂರು ಸಾಲು: ಏನು ಮುಗಿಯಿತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು. ಹದಿನೆಂಟು ಜನರನ್ನು ಅರ್ಧ ಗಂಟೆ ವಿಡಿಯೋ ಮುಂದೆ ಕೂರಿಸಿದರೆ 9 ಗಂಟೆ ಹೋಗುತ್ತದೆ, ಒಂದು ಆಳಿನ ಪೂರ್ತಿ ದಿನಕ್ಕಿಂತ ಹೆಚ್ಚು. ಮೂರು ಸಾಲು ಬರೆಯಲು ಐದು ನಿಮಿಷ.

ಬೇರೆ ಬೇರೆ ಸಮಯವಲಯದಲ್ಲಿ ಕೂತವರಿದ್ದರೆ ಇದು ಇನ್ನೂ ಮುಖ್ಯ. ಒಬ್ಬರ ಸಂಜೆ ಇನ್ನೊಬ್ಬರ ಬೆಳಿಗ್ಗೆಯಾದರೆ ಒಂದು ಪ್ರಶ್ನೆಗೆ ಒಂದು ದಿನ. ಮೂರು ಪ್ರಶ್ನೆಯನ್ನು ಒಂದೊಂದಾಗಿ ಕೇಳಿದರೆ ಮೂರು ದಿನ, ಒಟ್ಟಿಗೆ ಕೇಳಿದರೆ ಒಂದೇ. ಪ್ರಶ್ನೆಯ ಜೊತೆಗೆ "ಉತ್ತರ ಬರದಿದ್ದರೆ ನಾನು ಹೀಗೆ ಮಾಡಿ ಮುಂದೆ ಹೋಗ್ತೀನಿ" ಅಂತ ಬರೆದರೆ ಆ ಒಂದು ದಿನವೂ ಉಳಿಯುತ್ತದೆ. ಹೀಗೆ ಬರೆಯುವ ಧೈರ್ಯ ಬರಬೇಕಾದರೆ ತೀರ್ಮಾನ ತಪ್ಪಿದಾಗ ಎಲ್ಲರೆದುರು ಪ್ರಶ್ನೆ ಬರುವುದಿಲ್ಲ ಅನ್ನುವ ಭರವಸೆ ಬೇಕು.

ಹೊಸದಾಗಿ ಸೇರಿದಾಕೆಯ ವಿಷಯ ಇನ್ನೂ ಕಾಡುತ್ತದೆ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರಿನಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಿಂದ ದುಡಿದವರ ಕೆಲಸ ಶೇ. 13 ಏರಿತ್ತು, ಬಿಟ್ಟುಹೋಗುವವರು ಅರ್ಧಕ್ಕೆ ಇಳಿದಿದ್ದರು. ಆದರೆ ಅಷ್ಟೇ ಚೆನ್ನಾಗಿ ದುಡಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಪೂರ್ತಿ ರಿಮೋಟ್ ಏಜೆನ್ಸಿಯಲ್ಲಿ ಕಚೇರಿಯೇ ಇಲ್ಲವಲ್ಲ ಅನ್ನಬಹುದು. ಇದೆ, ಆ ಚಾನೆಲ್ಲೇ ಕಚೇರಿ. ಅಲ್ಲಿ ಬೇಗ ಉತ್ತರ ಹಾಕುವವರು, ಎಲ್ಲದಕ್ಕೂ ಚಿಹ್ನೆ ಒತ್ತುವವರು ಮುಖ್ಯಸ್ಥರ ಕಣ್ಣಿಗೆ ಹತ್ತಿರ. ನಾಲ್ಕು ಗಂಟೆ ಮೌನವಾಗಿದ್ದು ಒಳ್ಳೆಯ ಕೆಲಸ ತರುವವರು ದೂರ. ವಾರಕ್ಕೊಮ್ಮೆ ಅರ್ಧ ಗಂಟೆ ಇಬ್ಬರೇ ಕೂತು ಮಾತಾಡುವ ಪದ್ಧತಿ ಇದಕ್ಕಾಗಿಯೇ ಇರಬೇಕು, ವಿಷಯವನ್ನು ನೌಕರರೇ ಗೊತ್ತುಮಾಡಬೇಕು. ಅದರಲ್ಲಿ ಕೆಲಸದ ಸ್ಥಿತಿ ಕೇಳಬಾರದು, ಅದು ಮೂರು ಸಾಲಿನಲ್ಲಿ ಆಗಲೇ ಇದೆ. ಆ ಅರ್ಧ ಗಂಟೆಯನ್ನು ಎರಡು ಸಲ ರದ್ದುಮಾಡಿದರೆ ಮೂರನೇ ಸಲ ನೌಕರರು ಏನನ್ನೂ ತರುವುದಿಲ್ಲ.

ಕೇಳಿದ್ದು ಎಲ್ಲರೆದುರು, ಆದ್ದರಿಂದ ಸರಿಪಡಿಸುವುದೂ ಅದೇ ಚಾನೆಲ್‌ನಲ್ಲಿ ಆಗಬೇಕು. ಉದ್ದದ ಕ್ಷಮಾಪಣೆ ಬೇಡ. "ಮಂಗಳವಾರ ನಾನು ಹಾಗೆ ಕೇಳಬಾರದಿತ್ತು. ಚುಕ್ಕೆ ನೋಡಿ ಯಾರನ್ನೂ ಕೇಳುವುದಿಲ್ಲ. ಕೆಲಸ ಎಲ್ಲಿದೆ ಅನ್ನುವುದನ್ನು ಬ್ರೀಫ್ ಪುಟದಲ್ಲಿ ನೋಡುತ್ತೇನೆ, ಅಲ್ಲಿ ಇಲ್ಲದಿದ್ದರೆ ಪ್ರಾಜೆಕ್ಟ್ ಮ್ಯಾನೇಜರನ್ನು ಕೇಳುತ್ತೇನೆ." ಇಷ್ಟು ಸಾಕು. ಅದಾದ ಮೇಲೆ, ಮುಂದಿನ ಕೊಟೇಶನ್ ಕಳಿಸುವ ಮೊದಲು, ಮುಗಿದ ಮೂರು ಪ್ರಾಜೆಕ್ಟ್‌ಗಳನ್ನು ಮಾಡಿದವರನ್ನು ಒಬ್ಬೊಬ್ಬರಾಗಿ ಕರೆದು ನಿಜವಾಗಿ ಎಷ್ಟು ಗಂಟೆ ಹಿಡಿಯಿತು ಅಂತ ಕೇಳಬೇಕು. ಹೆಚ್ಚಾದ ಗಂಟೆಗಳನ್ನು ಯಾರ ಮೌಲ್ಯಮಾಪನದಲ್ಲೂ ಎಣಿಸುವುದಿಲ್ಲ ಎಂದು ಬರೆದು ಕೊಡಬೇಕು, ಮತ್ತೆ ಬಂದ ಉತ್ತರಗಳನ್ನಿಟ್ಟುಕೊಂಡು ಕೊಟೇಶನ್ನಿನ ಗಂಟೆಗಳನ್ನು ತಿದ್ದಬೇಕು.