ತಾಳಗುಪ್ಪಕ್ಕೆ ಎರಡು ಟಿಕೆಟ್

ನಮ್ಮ ಗಣಿತದ ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನು ಬೆಂಗಳೂರಲ್ಲಿ, ವೈಟ್‌ಫೀಲ್ಡ್ ಕಡೆ ಹೋಗುವ ಮೆಟ್ರೋದಲ್ಲಿ ನೇತಾಡುತ್ತಿದ್ದೆ. ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ಒತ್ತಿಕೊಂಡು ನಿಂತವರೂ ಯಾಕೆ ಅಂತ ಕೇಳಲಿಲ್ಲ. ಸಾಗರದಲ್ಲಾಗಿದ್ದರೆ ರಸ್ತೆ ದಾಟುವಷ್ಟರಲ್ಲಿ ಹತ್ತು ಜನಕ್ಕೆ ಉತ್ತರ ಕೊಡಬೇಕಿತ್ತು. ಆ ಕಿರಿಕಿರಿ ಬೇಡ ಅಂತ ತಾನೆ ಊರು ಬಿಟ್ಟಿದ್ದು!

ಅವರು ಕಲಿಸಿದ ಬೀಜಗಣಿತ ಒಂದಿಷ್ಟೂ ನೆನಪಿಲ್ಲ. (ಈಗ 40 ಜನರ ತಂಡ ನನ್ನ ಕೈಕೆಳಗಿದೆ. ಲೆಕ್ಕ ಎಲ್ಲ ಎಕ್ಸೆಲ್ ನೋಡಿಕೊಳ್ಳುತ್ತೆ.) ನೆನಪಿರುವುದು ರೈಲ್‌ಬಸ್.

ಬ್ರಾಡ್‌ಗೇಜ್ ಬರುವ ಮುಂಚೆ ಶಿವಮೊಗ್ಗ–ತಾಳಗುಪ್ಪ ಹಳಿ ಮೇಲೆ ಅದು ಓಡುತ್ತಿತ್ತು. ನೋಡಲು ಥೇಟ್ ಬಸ್ಸೇ. 9ನೇ ಕ್ಲಾಸಲ್ಲಿ ಒಂದು ದಿನ ಮೇಷ್ಟ್ರು ರಜ ಅಂತ ಗೊತ್ತಾಯಿತು. ನಾನು, ನನ್ನ ಬೆಂಚಿನ ಗೆಳೆಯ ಇಬ್ಬರೂ ಸಾಗರದ ಜಂಬಗಾರು ಸ್ಟೇಷನ್ನಿಗೆ ಓಡಿದೆವು. ತಾಳಗುಪ್ಪದಲ್ಲಿ ಹಳಿ ಮುಗಿಯುತ್ತೆ, ಅಲ್ಲಿಂದ ಜೋಗಕ್ಕೆ ನಡೆದೇ ಹೋಗಿ ಸಂಜೆಗೆ ವಾಪಸ್ ಬರೋದು ಅಂತ ಲೆಕ್ಕ. ಸುಮಾರು 15 ಕಿಲೋಮೀಟರ್! ನಮ್ಮ ಗಣಿತ ಅಷ್ಟು ಚೆನ್ನಾಗಿತ್ತು.

ಚೀಲ ಸೀಟಿನಡಿ ತುರುಕಿ ತಲೆ ಎತ್ತಿದರೆ ಎದುರಿಗೆ ಮೇಷ್ಟ್ರು. ಬಿಳಿ ಪಂಚೆ, ತೊಡೆ ಮೇಲೆ ಬಾಳೆಲೆಯ ಸುರುಳಿ. ಮಾವನ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಿದ್ದರು. ಬೈಯಲಿಲ್ಲ. "ಎಂತದ್ರೋ, ಟಿಕೆಟ್ ಆಯ್ತಾ?" ಅಂದರು. ಇಬ್ಬರದೂ ಸೇರಿದರೂ ದುಡ್ಡು ಸಾಲಲಿಲ್ಲ. ಅವರೇ ಜೇಬಿಗೆ ಕೈ ಹಾಕಿದರು. ಪೂಜೆ ಮನೆಗೂ ಕರೆದುಕೊಂಡು ಹೋಗಿ, ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, "ನಮ್ಮ ಶಾಲೆ ಹುಡುಗರು, ಇನ್ನೊಂದು ಹೋಳಿಗೆ ಹಾಕಿ" ಅಂತ ಹಾಕಿಸಿದರು. ಅದು ಗಂಟಲಲ್ಲಿ ಇಳಿಯಬೇಕಲ್ಲ!

ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿಗೆ ಬಾರದ ಸುದ್ದಿ ಊರಲ್ಲಿ ಇರಲಿಲ್ಲ. ಆದರೂ ಮನೆಯಲ್ಲಿ ಒಂದು ಮಾತೂ ಏಳಲಿಲ್ಲ. ಮೇಷ್ಟ್ರು ಗುಟ್ಟು ಬಿಡಲಿಲ್ಲ ಅಂತ ಇಷ್ಟು ವರ್ಷ ನಂಬಿದ್ದೆ. ಈಗ ಮಗಳು ಐದು ನಿಮಿಷ ತಡವಾದರೂ ಶಾಲೆಯ ಆಪ್ ನನ್ನ ಫೋನಲ್ಲಿ ಕಿರುಚುತ್ತೆ. ಅವಳ ಟೀಚರ್ ಮುಖ ನೋಡಿದ್ದು ಎರಡೇ ಸಲ.

ಮೇಷ್ಟ್ರ ವೈಕುಂಠ ಸಮಾರಾಧನೆಗೆ ಊರಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಕವಳ ಜಗಿಯುತ್ತಾ ಕೇಳಿಸಿಕೊಂಡರು.

"ಅವತ್ತು ಸಂಜೆಯೇ ಮಂಡಿಗೆ ಬಂದಿದ್ರು ಮಾರಾಯ. ಹುಡುಗ ಹೆದರಿದ್ದಾನೆ, ಅಷ್ಟು ಸಾಕು, ನೀವೇನೂ ಕೇಳಬೇಡಿ ಅಂದ್ರು. ಟಿಕೆಟ್ ದುಡ್ಡು ಕೊಟ್ಟೆ. ಗಣಿತದ ಮೇಷ್ಟ್ರಲ್ವಾ, ಚಿಲ್ಲರೆ ಎಣಿಸಿ ವಾಪಸ್ ಕೊಟ್ರು."