ಕಾಮನ್ ಮೀಟರ್ ಉಳಿಸಿದ ದುಡ್ಡಲ್ಲೇ ಮುಂದಿನ ಕೆಲಸ

ಕಾರ್ಪಸ್ ಫಂಡ್ (ದೊಡ್ಡ ಖರ್ಚಿಗೆಂದು ಕೂಡಿಟ್ಟ ಹಣ) ಇಲ್ಲದ, 40 ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ತಿಂಗಳ ಮೆಂಟೆನೆನ್ಸ್ ಕಟ್ಟುವುದೇ ಕಷ್ಟವಾಗಿರುವವರ ಹತ್ತಿರ ಸೋಲಾರ್‌ಗೆಂದು ಮನೆಗೆ ಹತ್ತು ಸಾವಿರ ಕೇಳುವುದು ಅನ್ಯಾಯ. ಕೆಲಸಗಳನ್ನು ಸರಿಯಾದ ಸರದಿಯಲ್ಲಿ ಮಾಡಿದರೆ ಅಷ್ಟು ಕೇಳಬೇಕಾಗಿಯೂ ಇಲ್ಲ.

ಎಲ್ಲರಿಗೂ ಸೇರಿದ ದೀಪ, ಪಂಪುಗಳ ಕರೆಂಟ್ ಲೆಕ್ಕವಾಗುವುದು ಕಾಮನ್ ಮೀಟರ್‌ನಲ್ಲಿ. ಅದರಲ್ಲಿ ಮೊದಲು ಮೆಟ್ಟಿಲು, ಪಾರ್ಕಿಂಗ್ ದೀಪಗಳು. ಹಳೇ 40 ವಾಟ್ ಟ್ಯೂಬ್ ಚೋಕ್ ಸೇರಿ ಸುಮಾರು 52 ವಾಟ್ ಎಳೆಯುತ್ತದೆ. ಅಂಥ 24 ಟ್ಯೂಬ್‌ಗಳ ಜಾಗದಲ್ಲಿ 20 ವಾಟ್‌ನ ಎಲ್‌ಇಡಿ ಹಾಕಿ, ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 276 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,650 ರೂಪಾಯಿ. ಟ್ಯೂಬ್ ಒಂದಕ್ಕೆ 300 ಎಂದರೆ ಮನೆಗೆ 180 ರೂಪಾಯಿ ಬೀಳುತ್ತದೆ, ಐದು ತಿಂಗಳೊಳಗೆ ಅಸಲು ವಾಪಸ್. ಚೋಕನ್ನು ಲೈನಿನಿಂದ ತೆಗೆಸಲೇಬೇಕು. ಹಾಗೇ ಬಿಟ್ಟರೆ ಅದು ಕರೆಂಟ್ ತಿನ್ನುತ್ತಲೇ ಇರುತ್ತದೆ.

ಅಸಲು ಬಂತೆಂದು ಮೆಂಟೆನೆನ್ಸ್ ಇಳಿಸಬೇಡಿ. ಆ 1,650 ತಿಂಗಳು ತಿಂಗಳೂ ಬೇರೆ ಬ್ಯಾಂಕ್ ಖಾತೆಗೇ ಹೋಗಲಿ. ಒಂದೇ ಖಾತೆಯಲ್ಲಿದ್ದರೆ ಸೆಕ್ಯುರಿಟಿ ಸಂಬಳ, ಟ್ಯಾಂಕರ್ ನೀರಿನಲ್ಲಿ ಕರಗಿಹೋಗುತ್ತದೆ.

ಎರಡನೆಯದು ಸಂಪಿನ ಪಂಪ್. ಸಂಪಿಗೆ ಬರುವ ನೀರು ನಿಲ್ಲಿಸಿ, ಮೀಟರ್ ರೀಡಿಂಗ್ ಬರೆದುಕೊಂಡು ಪಂಪ್ ಓಡಿಸಿ. 3 ಮೀಟರ್ ಅಗಲ, 4 ಮೀಟರ್ ಉದ್ದದ ಸಂಪಿನಲ್ಲಿ ಮಟ್ಟ ಅರ್ಧ ಮೀಟರ್ ಇಳಿದರೆ 6,000 ಲೀಟರ್ ಮೇಲೆ ಹೋಗಿದೆ. 20 ಮೀಟರ್ ಎತ್ತರಕ್ಕೆ ಒಳ್ಳೇ ಪಂಪ್ ಇದಕ್ಕೆ ಮುಕ್ಕಾಲು ಯೂನಿಟ್ ತೆಗೆದುಕೊಳ್ಳುತ್ತದೆ. ಒಂದೂವರೆ ಯೂನಿಟ್ ಓಡಿದ್ದರೆ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿದೆ, ಫುಟ್‌ವಾಲ್ವ್ (ಪೈಪಿನ ತಳದ ವಾಲ್ವ್) ಸೋರುತ್ತಿದೆ, ಇಲ್ಲವೇ ಮೋಟರ್ ಹಲವು ಸಲ ರಿವೈಂಡ್ ಆಗಿದೆ, ಅಂದರೆ ಸುಟ್ಟ ತಂತಿ ಮತ್ತೆ ಸುತ್ತಿಸಿದ್ದಾರೆ. ಹೊಸ ಪಂಪಿಗೆ ಮುಂಚೆ ವಾಲ್ವ್ ನೋಡಿಸಿ. ಕಡಿಮೆ ಎಚ್‌ಪಿಯ ಪಂಪ್ ಹಾಕಿದ ಮೇಲೆ ಸ್ಯಾಂಕ್ಷನ್ ಲೋಡ್ (ಮೀಟರ್‌ಗೆ ಮಂಜೂರಾದ ಕಿಲೋವಾಟ್) ಇಳಿಸಲು ಅರ್ಜಿ ಕೊಡದಿದ್ದರೆ ಫಿಕ್ಸೆಡ್ ಚಾರ್ಜ್ ಒಂದು ಪೈಸೆಯೂ ಇಳಿಯದು.

ಮನೆಯೊಳಗಿನ ಲೆಕ್ಕ ಬೇರೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರಿಗೆ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನಿನಿಂದ ಬಿಲ್ಲಿನಲ್ಲಿ ಲಾಭವಿಲ್ಲ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ಲ, 210, 220ರ ಆಸುಪಾಸಿನ ಮನೆಗಳಿಗೆ ಇದು ದೊಡ್ಡ ಮಾತು. 75 ವಾಟ್ ಫ್ಯಾನ್ ತೆಗೆದು 30 ವಾಟಿನದು ಹಾಕಿದರೆ ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 16 ಯೂನಿಟ್ ಇಳಿಯುತ್ತದೆ. ಅಂಥ ಮನೆಗಳಿಗೆ ಅದೇ ಖಾತೆಯಿಂದ ಕಂತಿನಲ್ಲಿ ಫ್ಯಾನ್ ಕೊಡಿಸುವುದು ಒಳ್ಳೆಯ ಸಾಲ.

ಸೋಲಾರ್ ಕೊನೆಗೆ. ಇಲ್ಲಿ ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಕಾಮನ್ ಬಳಕೆ ತಿಂಗಳಿಗೆ 900ರಿಂದ 480ಕ್ಕೆ ಇಳಿದಿದ್ದರೆ 8 ಕಿಲೋವಾಟ್ ಬದಲು 4 ಸಾಕು, ಸಾಲವೂ ಅರ್ಧ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಸೋಸಿಯೇಷನ್‌ನ ಕಾಮನ್ ಬಳಕೆಗೆ ಕಿಲೋವಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ, ಅಂದರೆ 72,000. ಅದು ಬರುವುದು ನೆಟ್ ಮೀಟರ್ (ಸೋಲಾರ್‌ನಿಂದ ಲೈನಿಗೆ ಹೋದ ಕರೆಂಟನ್ನೂ ಎಣಿಸುವ ಮೀಟರ್) ಕೂತು ತಪಾಸಣೆ ಮುಗಿದ ಮೇಲೆ. ಆ ನಡುವಿನ ಹಣಕ್ಕೇ ಉಳಿತಾಯದ ಖಾತೆ. ಸೆಲ್‌ಗಳು ಭಾರತದಲ್ಲೇ ತಯಾರಾದ ಪ್ಯಾನೆಲ್ ಇರಬೇಕು, ನೀರಿನ ಟ್ಯಾಂಕಿನ ನೆರಳು ಬೀಳದ ಕಡೆ ಕೂರಿಸಬೇಕು.

ಹಲವು ಅರ್ಜಿಗಳಿಗೆ ತೊಡಕಾಗುವುದು ಮಾತ್ರ ಬೇರೆಯದೇ: ಕಾಮನ್ ಮೀಟರ್ ಅಸೋಸಿಯೇಷನ್ ಬದಲು ಇನ್ನೂ ಬಿಲ್ಡರ್ ಹೆಸರಿನಲ್ಲೇ ಇರುತ್ತದೆ. ಕೊಟೇಶನ್ ಕೇಳುವ ಮುಂಚೆ ಈ ತಿಂಗಳ ಬಿಲ್ ತೆಗೆದು ಹೆಸರು ನೋಡಿ.