ಕಂಪ್ಯೂಟರ್‌ನಲ್ಲೊಂದು ಪುಟ್ಟ ಎಂಆರ್‌ಐ: ಬಿಳುಪಿನ ಲೆಕ್ಕ ಎಲ್ಲಿಗೆ ಬಂತು

ಎಂಆರ್‌ಐ ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಒಂದು ಜಾಗ ಬೆಳ್ಳಗೆ ಕಾಣುತ್ತದೆ. ಅಲ್ಲಿ ಔಷಧಿ ಎಷ್ಟಿದೆ ಅಂತ ಆ ಬಿಳುಪು ನೋಡಿ ಹೇಳಬಹುದಾ? ಈ ಒಂದು ಪ್ರಶ್ನೆ ಹಿಡಿದುಕೊಂಡು ಬಿಡುವಿದ್ದಾಗಲೆಲ್ಲ ಒಂದು ಸಿಮ್ಯುಲೇಟರ್ ಬರೆಯುತ್ತಿದ್ದೇನೆ. ಪೈಥಾನ್, ಒಂದಿಷ್ಟು ಸಮೀಕರಣ, ಕೆಲವು ಕಾಲ್ಪನಿಕ ಟ್ಯೂಬುಗಳು, ಅಷ್ಟೇ. ನಿಜವಾದ ಮ್ಯಾಗ್ನೆಟ್ ಇಲ್ಲ, ನಿಜವಾದ ಔಷಧಿಯೂ ಇಲ್ಲ. ಇಲ್ಲಿಯವರೆಗೆ ಏನಾಯಿತು ಅಂತ ಬರೆದಿಡುತ್ತಿದ್ದೇನೆ.

ಟ್ಯೂಬುಗಳು

ಟ್ಯೂಬಿನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. 1973ರಲ್ಲಿ ಪಾಲ್ ಲಾಟರ್ಬರ್ ಪ್ರಕಟಿಸಿದ ಮೊದಲ ಎಂಆರ್ ಚಿತ್ರಗಳಲ್ಲಿ ಇದ್ದದ್ದು ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಗೆಗಳು. ಮುಂದಿನ ಪ್ರಯೋಗದಲ್ಲಿ ಅವರು ಒಂದರಲ್ಲಿ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿದ ನೀರಿಟ್ಟರು. ರೇಡಿಯೋ ಅಲೆಯ ಶಕ್ತಿ ಹೆಚ್ಚಿಸಿದಾಗ ಬರೀ ನೀರಿನ ನಳಿಗೆ ಚಿತ್ರದಿಂದ ಮಾಯವಾಯಿತು, ಮ್ಯಾಂಗನೀಸ್ ಇದ್ದದ್ದು ಉಳಿಯಿತು. ಅಂದರೆ ಎಂಆರ್‌ಐ ಹುಟ್ಟಿದಾಗಲೇ ಕಾಂಟ್ರಾಸ್ಟ್ ಕೂಡ ಜೊತೆಗಿತ್ತು.

ನನ್ನ ಟ್ಯೂಬುಗಳಲ್ಲಿ ಮ್ಯಾಂಗನೀಸ್ ಬದಲು ಗ್ಯಾಡೊಲಿನಿಯಂ. ಈಗಿನ ಬಹುಪಾಲು ಎಂಆರ್‌ಐ ಕಾಂಟ್ರಾಸ್ಟ್ ಔಷಧಿಗಳಲ್ಲಿ ಇರುವುದು ಅದೇ. ಇದರ ಅಯಾನಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು 7. ಹಾಗಾಗಿ ಅದೊಂದು ಬಲವಾದ ಪುಟಾಣಿ ಅಯಸ್ಕಾಂತ. ಒಂದು ನೀರಿನ ಅಣು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ, ಬೇಗ ಸಡಿಲವಾಗಿ ಹೊರಡುತ್ತದೆ, ಇನ್ನೊಂದು ಬರುತ್ತದೆ. ಈ ಅದಲುಬದಲು ಸೆಕೆಂಡಿಗೆ ಲಕ್ಷಾಂತರ ಸಲ ನಡೆಯುತ್ತದೆ. ಅಂಟಿಕೊಂಡು ಹೋದ ನೀರಿನ ಪ್ರೋಟಾನ್‌ಗಳು (ಹೈಡ್ರೋಜನ್ ನ್ಯೂಕ್ಲಿಯಸ್‌ಗಳು) ಸ್ಕ್ಯಾನರ್‌ನ ರೇಡಿಯೋ ಪಲ್ಸ್ ಬಿದ್ದ ಮೇಲೆ ತಮ್ಮ ಮೂಲ ಸ್ಥಿತಿಗೆ ಬೇಗ ಮರಳುತ್ತವೆ. ಈ ಮರಳುವ ಸಮಯಕ್ಕೆ ಟಿ1 ಅನ್ನುತ್ತಾರೆ. ಅದು ಕಡಿಮೆಯಾದಷ್ಟೂ ಮುಂದಿನ ಪಲ್ಸಿಗೆ ಹೆಚ್ಚು ಸಿಗ್ನಲ್ ಸಿದ್ಧವಾಗಿರುತ್ತದೆ, ಚಿತ್ರ ಬೆಳ್ಳಗಾಗುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಸ್ಕ್ಯಾನರ್‌ಗೆ ಗ್ಯಾಡೊಲಿನಿಯಂ ಕಾಣುವುದೇ ಇಲ್ಲ. ಕಾಣುವುದು ನೀರು ಮಾತ್ರ. ಸಿಟಿ ಸ್ಕ್ಯಾನ್‌ನಲ್ಲಿ ಹಾಗಲ್ಲ. ಅಲ್ಲಿ ಅಯೋಡಿನ್ ತಾನೇ ಎಕ್ಸ್‌ರೇ ತಡೆಯುತ್ತದೆ, ಅಯೋಡಿನ್ ಎರಡು ಪಟ್ಟಾದರೆ ಅದು ಸೇರಿಸುವ ಬಿಳುಪೂ ಹೆಚ್ಚುಕಡಿಮೆ ಎರಡು ಪಟ್ಟು. ಎಂಆರ್‌ಐನಲ್ಲಿ ಔಷಧಿಯ ಸುದ್ದಿ ನೀರಿನ ಬಾಯಿಂದ ಕೇಳಬೇಕು. ತಲೆನೋವು ಶುರುವಾಗುವುದು ಅಲ್ಲೇ.

ಮೊದಲ ಗ್ರಾಫ್

ಲೆಕ್ಕದ ಮೂಲ ಸರಳ. ಟಿ1 ಅನ್ನು ತಲೆಕೆಳಗು ಮಾಡಿದರೆ ಆರ್1, ಅಂದರೆ ಮರಳುವ ವೇಗ. ಒಂದು ಮಿಲಿಮೋಲಾರ್ (ಲೀಟರಿಗೆ ಒಂದು ಮಿಲಿಮೋಲ್) ಔಷಧಿ ಆ ವೇಗಕ್ಕೆ ಎಷ್ಟು ಸೇರಿಸುತ್ತದೆ ಅನ್ನುವುದಕ್ಕೆ ರಿಲ್ಯಾಕ್ಸಿವಿಟಿ ಅಂತ ಹೆಸರು. ಸಾಮಾನ್ಯ ಔಷಧಿಗಳಿಗೆ 1.5 ಟೆಸ್ಲಾ (ಮ್ಯಾಗ್ನೆಟ್ ಬಲದ ಅಳತೆ) ಸ್ಕ್ಯಾನರ್‌ನಲ್ಲಿ ಅದು ಸುಮಾರು 4ರಿಂದ 5. ನಾನು 4 ಇಟ್ಟುಕೊಂಡೆ. ಔಷಧಿ ಟಿ2 ಅನ್ನೂ ಕಡಿಮೆ ಮಾಡುತ್ತದೆ, ಅಂದರೆ ಸಿಗ್ನಲ್ ಬೇಗ ಆರಿಹೋಗುತ್ತದೆ. ಅದಕ್ಕೆ 5 ಇಟ್ಟೆ. ಔಷಧಿ ಇಲ್ಲದಾಗ ಟಿ1 ಒಂದು ಸೆಕೆಂಡು, ಟಿ2 100 ಮಿಲಿಸೆಕೆಂಡು. ಸ್ಕ್ಯಾನ್ ಗ್ರೇಡಿಯಂಟ್ ಎಕೋ ಅನ್ನುವ ವೇಗದ ಬಗೆಯದು: 5 ಮಿಲಿಸೆಕೆಂಡಿಗೊಂದು ಪಲ್ಸ್, 2 ಮಿಲಿಸೆಕೆಂಡಿಗೆ ಎಕೋ (ಅಳೆಯುವ ಸಿಗ್ನಲ್), ಪಲ್ಸ್ ಪ್ರೋಟಾನ್‌ಗಳನ್ನು ವಾಲಿಸುವ ಕೋನ 20 ಡಿಗ್ರಿ.

ಗ್ರಾಫ್ ಬಂದಾಗ ಒಂದು ಕ್ಷಣ ಸುಮ್ನೆ ನೋಡುತ್ತಾ ಕೂತೆ. 1 ಮಿಲಿಮೋಲಾರ್‌ಗೆ ಸಿಗ್ನಲ್ 3.8 ಪಟ್ಟು. 2ಕ್ಕೆ 5.5 ಪಟ್ಟು. 5ಕ್ಕೆ 8 ಪಟ್ಟು. 10ಕ್ಕೆ 9.3 ಪಟ್ಟು. ಅಲ್ಲಿಂದ ಮುಂದೆ ಔಷಧಿಯನ್ನು ಎರಡು ಪಟ್ಟು ಮಾಡಿದರೂ ಗೆರೆ ಅಲ್ಲಾಡುವುದಿಲ್ಲ ಅಂದರೂ ಸರಿ. 16ರ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. 50 ಮಿಲಿಮೋಲಾರ್ ಟ್ಯೂಬು 5ರ ಟ್ಯೂಬಿಗಿಂತ ಮಂಕು! ಅಂದರೆ ಒಂದೇ ಬಿಳುಪಿಗೆ ಎರಡು ಉತ್ತರ. ಚಿತ್ರ ನೋಡಿ ಯಾವುದು ಅಂತ ಹೇಳುವ ಹಾಗಿಲ್ಲ.

ನಿಜದ ದೇಹದಲ್ಲಿ ಇಷ್ಟು ಗಟ್ಟಿ ದ್ರಾವಣ ಎಲ್ಲಿರುತ್ತದೆ ಅಂತ ಕೇಳಬಹುದು. ಸಾಮಾನ್ಯ ಡೋಸ್ ಒಂದು ಕಿಲೋ ತೂಕಕ್ಕೆ 0.1 ಮಿಲಿಮೋಲ್. 60 ಕಿಲೋ ಇರುವವರಿಗೆ 6 ಮಿಲಿಮೋಲ್. ಅದು ಜೀವಕೋಶಗಳ ಒಳಗೆ ಹೋಗುವುದಿಲ್ಲ, ಹೊರಗಿನ ಹನ್ನೆರಡು ಹದಿಮೂರು ಲೀಟರ್ ದ್ರವದಲ್ಲಿ ಹರಡುತ್ತದೆ. ಆಗ ಅರ್ಧ ಮಿಲಿಮೋಲಾರ್ ಸುತ್ತಮುತ್ತ. ಅಲ್ಲಿ ಗ್ರಾಫ್ ಇನ್ನೂ ಚೆನ್ನಾಗಿ ಏರುತ್ತಿದೆ, ತೊಂದರೆ ಇಲ್ಲ. ಆದರೆ ಔಷಧಿ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅಲ್ಲಿ ನೀರು ವಾಪಸ್ ಹೀರಿಕೊಂಡು ಮೂತ್ರ ಗಟ್ಟಿಯಾಗುತ್ತದೆ, ಔಷಧಿಯೂ ಅದರ ಜೊತೆ.

ಮೂತ್ರಕೋಶದ ಮೂರು ಪದರ

ಈ ಭಾಗವೇ ನನಗೆ ಜಾಸ್ತಿ ಖುಷಿ ಕೊಟ್ಟದ್ದು. ಕಾಂಟ್ರಾಸ್ಟ್ ಕೊಟ್ಟ ಸ್ವಲ್ಪ ಹೊತ್ತಿಗೆ ತೆಗೆದ, ಟಿ1 ವ್ಯತ್ಯಾಸ ಎದ್ದು ಕಾಣುವ ಚಿತ್ರಗಳಲ್ಲಿ ಮೂತ್ರಕೋಶ ಕೆಲವೊಮ್ಮೆ ಮೂರು ಪಟ್ಟೆಯಾಗಿ ಕಾಣುತ್ತದೆ. ಮೇಲೆ ಕಪ್ಪು, ನಡುವೆ ಬಿಳಿ, ತಳದಲ್ಲಿ ಮತ್ತೆ ಕಪ್ಪು. ರೇಡಿಯಾಲಜಿಯವರಿಗೆ ಇದು ಮಾಮೂಲಿ ದೃಶ್ಯ. ಗೊತ್ತಿಲ್ಲದವರು ತಳದ ಕಪ್ಪನ್ನು ಏನೋ ಗಡ್ಡೆ ಅಂದುಕೊಳ್ಳಬಹುದು.

ಇದನ್ನು ಸಿಮ್ಯುಲೇಟರ್‌ನಲ್ಲಿ ಮಾಡಿಸಿದೆ. ಈ ಸಲ ಸ್ಪಿನ್ ಎಕೋ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನ್, ಒಂದು ಸುತ್ತಿಗೆ 500 ಮಿಲಿಸೆಕೆಂಡು, ಎಕೋ 15 ಮಿಲಿಸೆಕೆಂಡಿಗೆ. ಮೂತ್ರ ಹೆಚ್ಚುಕಡಿಮೆ ನೀರೇ ಆದ್ದರಿಂದ ಟಿ1 ಮೂರು ಸೆಕೆಂಡು, ಟಿ2 ಎರಡು ಸೆಕೆಂಡು. ಔಷಧಿ ಬೆರೆತ ಮೂತ್ರ ಭಾರ, ಹಾಗಾಗಿ ಅಂಗಾತ ಮಲಗಿದವರ ಬೆನ್ನಿನ ಕಡೆಗೆ ಇಳಿಯುತ್ತದೆ. ಮೇಲಿನಿಂದ ಕೆಳಗೆ 0ಯಿಂದ 50 ಮಿಲಿಮೋಲಾರ್‌ವರೆಗೆ ಏರುವ ಹಾಗೆ ಪಿಕ್ಸೆಲ್‌ಗಳನ್ನು ತುಂಬಿದೆ.

ಗರಿಷ್ಠ ಸಿಗ್ನಲ್ 1 ಅಂದುಕೊಂಡರೆ ಔಷಧಿ ಇಲ್ಲದ ಮೇಲಿನ ಪದರ 0.15. 2 ಮಿಲಿಮೋಲಾರ್ ಬಂದಾಗ 0.84, ಝಗ್ ಅಂತ ಬಿಳಿ. 10ಕ್ಕೆ 0.47. 25ಕ್ಕೆ ಮತ್ತೆ ಅದೇ 0.15. 50ಕ್ಕೆ 0.02, ಪೂರ್ತಿ ಕಪ್ಪು. ಪರದೆ ಮೇಲೆ ಪಟ್ಟೆಗಳು ಪುಸ್ತಕದ ಚಿತ್ರದ ಹಾಗೇ ಬಂದವು. ಔಷಧಿ ಒಂಚೂರೂ ಇಲ್ಲದ ಜಾಗ, ಔಷಧಿ ಅತಿ ಜಾಸ್ತಿ ಇರುವ ಜಾಗ, ಎರಡೂ ಕಪ್ಪೇ. ಮೊದಲನೆಯ ಪ್ರಶ್ನೆಗೆ ಇದಕ್ಕಿಂತ ಖಡಕ್ ಉತ್ತರ ಬೇಕಿಲ್ಲ ಅಲ್ವಾ?

ಹಾಗಾದರೆ ಟಿ1 ಅನ್ನೇ ಅಳೆಯೋಣ

ಬಿಳುಪು ಬಿಟ್ಟು ಟಿ1 ಅಳೆದರೆ ಔಷಧಿಯ ಪ್ರಮಾಣ ನೇರವಾಗಿ ಸಿಗಬೇಕು. ವೇಗದ ದಾರಿ ಅಂದರೆ ಒಂದೇ ಟ್ಯೂಬನ್ನು ಬೇರೆ ಬೇರೆ ಪಲ್ಸ್ ಕೋನದಲ್ಲಿ ಸ್ಕ್ಯಾನ್ ಮಾಡಿ, ಬಿಂದುಗಳಿಗೆ ಒಂದು ಸರಳರೇಖೆ ಹೊಂದಿಸುವುದು. ರೇಖೆಯ ಇಳಿಜಾರಿನಿಂದ ಟಿ1 ಸಿಗುತ್ತದೆ. ನಾಯ್ಸ್ (ಸಿಗ್ನಲ್‌ನ ಅಡ್ಡಾದಿಡ್ಡಿ ಏರಿಳಿತ) ಇಲ್ಲದ ಡೇಟಾದಲ್ಲಿ ಕೊಟ್ಟ ಸಂಖ್ಯೆ ಹಾಗೇ ವಾಪಸ್ ಬಂತು. ಇಷ್ಟು ಸಲೀಸಾಗಿ ಬಂದರೆ ಅನುಮಾನ ಬರಲೇಬೇಕು.

ಕಾರಣ, ಸ್ಕ್ಯಾನರ್‌ಗೆ 20 ಡಿಗ್ರಿ ಕೊಡು ಅಂದರೆ ದೇಹದ ಎಲ್ಲ ಕಡೆ 20 ಬೀಳುವುದಿಲ್ಲ. ರೇಡಿಯೋ ಅಲೆ ದೇಹದೊಳಗೆ ಏರುಪೇರಾಗಿ ಹರಡುತ್ತದೆ. 3 ಟೆಸ್ಲಾದಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ಕೋನಕ್ಕೆ ಶೇ 10ರಷ್ಟು ಕೊರತೆ ಹಾಕಿದೆ. ಟಿ1 ಶೇ 19ರಷ್ಟು ಕಡಿಮೆ ಬಂತು. ಶೇ 10 ಅಲ್ಲ, 19. ಕೋನದ ವ್ಯತ್ಯಾಸ ವರ್ಗವಾಗಿ ಟಿ1ಕ್ಕೆ ಸೇರುತ್ತದೆ, 0.9ರ ವರ್ಗ 0.81. ಅದಕ್ಕೇ ಗಂಭೀರವಾಗಿ ಅಳೆಯುವವರು ಕೋನದ ನಕ್ಷೆಯನ್ನೂ ಬೇರೆಯಾಗಿ ತೆಗೆಯುತ್ತಾರೆ. ನಾನೂ ಅದನ್ನು ಒಂದು ಪ್ರತ್ಯೇಕ ಹೆಜ್ಜೆಯಾಗಿ ಸೇರಿಸಿದ್ದೇನೆ. ಕೋಡ್ ಉದ್ದವಾಯಿತು, ಉತ್ತರ ನೆಟ್ಟಗಾಯಿತು.

ಗುರಿ ಹುಡುಕುವ ಪ್ರೋಬ್

ಇಲ್ಲಿಯವರೆಗಿನದು ರಕ್ತದಲ್ಲಿ ತೇಲಿಕೊಂಡು ಸೋರುವ ಕಡೆ ಸೋರುವ ಸಾಧಾರಣ ಔಷಧಿ. ಪ್ರೋಬ್ ಅಂದರೆ ಒಂದು ನಿರ್ದಿಷ್ಟ ಅಣುವನ್ನು ಹುಡುಕಿ ಹಿಡಿಯುವಂಥದ್ದು. ಗ್ಯಾಡೊಲಿನಿಯಂಗೆ ಒಂದು ಕೊಕ್ಕೆ ಸಿಕ್ಕಿಸಿ ಕ್ಯಾನ್ಸರ್ ಕೋಶದ ರಿಸೆಪ್ಟರ್‌ಗೆ (ಕೋಶದ ಮೇಲ್ಮೈಯಲ್ಲಿ ನಿರ್ದಿಷ್ಟ ಅಣುಗಳು ಬಂದು ಕೂರುವ ಪ್ರೋಟೀನಿಗೆ) ಅಂಟಿಸಿದರೆ ಆಯಿತಲ್ಲ?

ಲೆಕ್ಕ ಹಾಕಿದೆ. ಒಂದು ಕೋಶದ ಮೇಲೆ ಒಂದು ಲಕ್ಷ ರಿಸೆಪ್ಟರ್ ಇಟ್ಟುಕೊಳ್ಳಿ, ಕೋಶದ ಗಾತ್ರ ಒಂದು ಪಿಕೋಲೀಟರ್ (ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ಎಲ್ಲ ರಿಸೆಪ್ಟರ್‌ಗೂ ಒಂದೊಂದು ಗ್ಯಾಡೊಲಿನಿಯಂ ಅಂಟಿದರೂ ಪ್ರಮಾಣ 0.17 ಮೈಕ್ರೋಮೋಲಾರ್ ಮಾತ್ರ. ಅದು ಆರ್1ಗೆ ಸೇರಿಸುವುದು 0.0007. ಸಿಗ್ನಲ್ ಶೇ 0.1ಕ್ಕಿಂತಲೂ ಕಡಿಮೆ ಏರುತ್ತದೆ. ನನ್ನ ಚಿತ್ರದಲ್ಲಿ ನಾನೇ ಹಾಕಿದ ನಾಯ್ಸ್ ಶೇ 2. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ದಾರಿ ಎರಡು. ಒಂದು, ಪ್ರತಿ ಕೊಕ್ಕೆಗೂ ಒಂದರ ಬದಲು ನೂರಾರು, ಸಾವಿರಾರು ಗ್ಯಾಡೊಲಿನಿಯಂ ಹೇರುವುದು. 100 ಹೇರಿದರೆ ಸಿಗ್ನಲ್ ಸುಮಾರು ಶೇ 6 ಏರುತ್ತದೆ, ಆಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಒಂದೊಂದರ ರಿಲ್ಯಾಕ್ಸಿವಿಟಿ ಏರಿಸುವುದು. ಸಣ್ಣ ಅಣು ದ್ರಾವಣದಲ್ಲಿ ಗಿರ್ರನೆ ತಿರುಗುತ್ತದೆ. ಅದನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ತಿರುಗುವಿಕೆ ನಿಧಾನ ಮಾಡಿದರೆ ನೀರಿನ ಮೇಲಿನ ಪರಿಣಾಮ ಹಲವು ಪಟ್ಟಾಗುತ್ತದೆ. ರಕ್ತದ ಅಲ್ಬುಮಿನ್‌ಗೆ ಅಂಟುವ ಗ್ಯಾಡೊಫಾಸ್ವೆಸೆಟ್ ಕೆಲಸ ಮಾಡುವುದು ಹೀಗೆ. ಆದರೆ ಮ್ಯಾಗ್ನೆಟ್ ಬಲವಾದಷ್ಟೂ ಈ ಲಾಭ ಕರಗುತ್ತದೆ. ಬಲವಾದ ಮ್ಯಾಗ್ನೆಟ್ ಎಲ್ಲದಕ್ಕೂ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಪೆಟ್ ಸ್ಕ್ಯಾನ್‌ಗೆ ಈ ಗೋಳಿಲ್ಲ. ಅಲ್ಲಿ ಪ್ರತಿ ವಿಕಿರಣ ಪರಮಾಣುವೂ ತನ್ನ ಸುದ್ದಿ ತಾನೇ ಹೇಳುತ್ತದೆ. ಫ್ಲೋರಿನ್-18 ಅನ್ನುವ ವಿಕಿರಣ ಪರಮಾಣು ಹೊತ್ತ ಎಫ್‌ಡಿಜಿ ಸಕ್ಕರೆ ಕೋಶದೊಳಗೆ ಹೋಗಿ, ಫಾಸ್ಫೇಟ್ ಅಂಟಿಸಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಸಕ್ಕರೆ ಜಾಸ್ತಿ ತಿನ್ನುವ ಕೋಶದಲ್ಲಿ ಅದೂ ಜಾಸ್ತಿ ಸೇರುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಷ್ಟರೊಳಗೆ ಕೆಲಸ ಮುಗಿಸಬೇಕು ಅನ್ನುವುದೊಂದೇ ಅವಸರ.

ಇನ್ನೊಂದು ಮಾತು. ಸಿಮ್ಯುಲೇಟರ್‌ನಲ್ಲಿ ಸಾವಿರಾರು ಗ್ಯಾಡೊಲಿನಿಯಂ ಹೇರುವುದು ಒಂದು ಸಾಲಿನ ಕೆಲಸ. ದೇಹದಲ್ಲಿ ಹಾಗಲ್ಲ. ಬರೀ ಗ್ಯಾಡೊಲಿನಿಯಂ ಅಯಾನು ವಿಷ, ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರ, ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಔಷಧಿಯಲ್ಲಿ ಅದನ್ನು ಬೇರೊಂದು ಅಣುವಿನಲ್ಲಿ ಬಿಗಿಯಾಗಿ ಕಟ್ಟಿಹಾಕಿರುತ್ತಾರೆ. ಕಟ್ಟು ಸಡಿಲವಿದ್ದ ಕೆಲವು ಔಷಧಿಗಳಿಗೂ ಮೂತ್ರಪಿಂಡ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಒಂದು ಭೀಕರ ಕಾಯಿಲೆಗೂ ನಂಟಿದೆ ಅನ್ನುವುದು 2006ರಲ್ಲಿ ಬಯಲಾಯಿತು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಉಂಗುರದಾಕಾರದ ಕಟ್ಟಿಲ್ಲದ ಹಲವು ಔಷಧಿಗಳ ಬಳಕೆಯನ್ನು ತಡೆಹಿಡಿಯಬೇಕು ಅಂತ ಶಿಫಾರಸು ಮಾಡಿತು. ನನ್ನ ಕೋಡ್‌ನಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಆ ಒಂದು ಸಾಲು ಬರೆಯುವಾಗೆಲ್ಲ ನೆನಪಾಗುತ್ತದೆ.

ಬಾಗಿಲು ತೆರೆಯುವ ಪ್ರೋಬ್, ಮತ್ತೆ ಅದೇ ಪ್ರಶ್ನೆ

1997ರಲ್ಲಿ ಥಾಮಸ್ ಮೀಡ್ ಅವರ ತಂಡ ಒಂದು ಜಾಣ ಪ್ರೋಬ್ ತೋರಿಸಿತು. ಗ್ಯಾಡೊಲಿನಿಯಂ ಮೇಲೆ ಗ್ಯಾಲಕ್ಟೋಸ್ ಸಕ್ಕರೆಯ ಮುಚ್ಚಳ. ಮುಚ್ಚಳ ಇರುವಾಗ ನೀರಿಗೆ ಒಳಗೆ ಬರಲು ಕಷ್ಟ. ಬೀಟಾ ಗ್ಯಾಲಕ್ಟೋಸಿಡೇಸ್ ಅನ್ನುವ ಕಿಣ್ವ ಆ ಸಕ್ಕರೆ ಕತ್ತರಿಸಿದರೆ ನೀರು ಬಂದು ಹೋಗುತ್ತದೆ, ಬೆಳ್ಳಗಾಗುತ್ತದೆ. 2000ರಲ್ಲಿ ಇದೇ ಬಗೆಯ ಪ್ರೋಬನ್ನು ಕಪ್ಪೆಯ ಭ್ರೂಣದಲ್ಲಿ ಬಳಸಿ, ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಅಂತ ಎಂಆರ್‌ಐನಲ್ಲಿ ನೋಡಿದರು.

ನನ್ನ ಟ್ಯೂಬಿನಲ್ಲಿ ಮುಚ್ಚಿದ ರೂಪಕ್ಕೆ ರಿಲ್ಯಾಕ್ಸಿವಿಟಿ 2, ತೆರೆದದ್ದಕ್ಕೆ 4 ಅಂತ ಇಟ್ಟೆ. ಒಂದು ಟ್ಯೂಬಿನಲ್ಲಿ 1 ಮಿಲಿಮೋಲಾರ್ ಮುಚ್ಚಿದ ಪ್ರೋಬ್, ಪಕ್ಕದ್ದರಲ್ಲಿ ಅರ್ಧ ಮಿಲಿಮೋಲಾರ್ ತೆರೆದ ಪ್ರೋಬ್. ಎರಡರದ್ದೂ ಟಿ1 ಒಂದೇ. ಇಲ್ಲಿ ಟಿ1 ಅನ್ನು ಎಷ್ಟೇ ನಿಖರವಾಗಿ ಅಳೆದರೂ ಪ್ರಯೋಜನವಿಲ್ಲ. ಕಿಣ್ವ ಕೆಲಸ ಮಾಡಿತಾ, ಬರೀ ಪ್ರೋಬ್ ಜಾಸ್ತಿ ಸೇರಿತಾ? ಪ್ರಮಾಣ ಗೊತ್ತಿಲ್ಲದೆ ಹೇಳೋಕಾಗಲ್ಲ.

ಈಗ ಕೈಯಲ್ಲಿರುವುದು

ಇದಕ್ಕೆ ನನಗೆ ಅತಿ ಹಿಡಿಸಿದ ಪರಿಹಾರ ಇರುವುದು ಐಯೋಪಮಿಡಾಲ್‌ನಲ್ಲಿ. ಅದು ಸಿಟಿಗೆ ಬಳಸುವ ಅಯೋಡಿನ್ ಔಷಧಿ. ಎಂಆರ್‌ಐನಲ್ಲಿ ಅದನ್ನು ಪಿಎಚ್ (ಆಮ್ಲೀಯತೆಯ ಅಳತೆ) ಅಳೆಯಲು ಬಳಸಬಹುದು. ಅದರ ಅಣುವಿನಲ್ಲಿ ಎರಡು ಬಗೆಯ ಅಮೈಡ್ ಪ್ರೋಟಾನ್‌ಗಳಿವೆ, ಅಂದರೆ ಸಾರಜನಕಕ್ಕೆ ಅಂಟಿಕೊಂಡವು. ನೀರಿನ ಆವರ್ತನದಿಂದ 4.2 ಪಿಪಿಎಂ (ದಶಲಕ್ಷದಲ್ಲಿ 4.2 ಪಾಲು) ದೂರದಲ್ಲಿ ಒಂದು, 5.5ರಲ್ಲಿ ಇನ್ನೊಂದು. ಆ ಆವರ್ತನಕ್ಕೆ ಸರಿಯಾಗಿ ಪಲ್ಸ್ ಕೊಟ್ಟು ಅವನ್ನು ಸುಸ್ತು ಮಾಡಿದರೆ ಅವು ನೀರಿನ ಜೊತೆ ಜಾಗ ಬದಲಿಸಿಕೊಂಡು ನೀರಿನ ಸಿಗ್ನಲ್ಲನ್ನೂ ಇಳಿಸುತ್ತವೆ. ಈ ವಿಧಾನಕ್ಕೆ ಸೆಸ್ಟ್ ಅನ್ನುತ್ತಾರೆ. ಅದಲುಬದಲಿನ ವೇಗ ಪಿಎಚ್ ಮೇಲೆ ನಿಂತಿದೆ, ಎರಡು ಬಗೆಗೆ ಬೇರೆ ಬೇರೆ ರೀತಿಯಲ್ಲಿ. ಎರಡರ ಅನುಪಾತ ತೆಗೆದರೆ ಔಷಧಿಯ ಪ್ರಮಾಣ ಲೆಕ್ಕದಿಂದ ಹೊರಗೆ ಬೀಳುತ್ತದೆ, ಪಿಎಚ್ ಉಳಿಯುತ್ತದೆ. ಎಷ್ಟಿದೆ ಅನ್ನುವುದು ಗೊತ್ತಿರಬೇಕಾದ್ದೇ ಇಲ್ಲ!

ಕೋಡ್‌ನಲ್ಲಿ ಮೂರು ಗುಂಪು ಪ್ರೋಟಾನ್, ಒಂದೊಂದಕ್ಕೆ ಮೂರು ದಿಕ್ಕು, ಒಟ್ಟು ಒಂಬತ್ತು ಸಮೀಕರಣ ಒಟ್ಟಿಗೆ ಬಿಡಿಸಬೇಕು. 7 ಟೆಸ್ಲಾದಲ್ಲಿ ಆ ಎರಡು ಆವರ್ತನಗಳಲ್ಲಿ ನೀರಿನ ಸಿಗ್ನಲ್ ಇಳಿದು ಗ್ರಾಫ್‌ನಲ್ಲಿ ಮೂಡುವ ಎರಡು ಗುಂಡಿಗಳೂ ಸ್ಪಷ್ಟವಾಗಿ ಬೇರೆ ಬೇರೆ ಬಂದಿವೆ, ಅವುಗಳ ನಡುವಿನ ಅಂತರ ಸುಮಾರು 390 ಹರ್ಟ್ಸ್. 3 ಟೆಸ್ಲಾದಲ್ಲಿ ಅದು 166ಕ್ಕೆ ಇಳಿಯುತ್ತದೆ. ಅದಲುಬದಲು ಜೋರಾದ ತಕ್ಷಣ ಎರಡೂ ಒಂದರೊಳಗೊಂದು ಸೇರಿಕೊಂಡು ಅನುಪಾತ ಕುಲಗೆಡುತ್ತದೆ. 1.5ರಲ್ಲಿ ಬರೀ 83 ಹರ್ಟ್ಸ್, ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. 3 ಟೆಸ್ಲಾಕ್ಕೆ ಎರಡು ಗುಂಡಿಗಳ ಆಕಾರವನ್ನು ಒಟ್ಟಿಗೆ ಫಿಟ್ ಮಾಡಿ ಬೇರ್ಪಡಿಸುವ ಭಾಗ ಬರೆಯುತ್ತಿದ್ದೇನೆ. ಪಿಎಚ್ 6.5ರ ಟ್ಯೂಬೂ 7ರ ಟ್ಯೂಬೂ ಶೇ 2 ನಾಯ್ಸ್ ಇದ್ದಾಗಲೂ ಬೇರೆ ಬೇರೆ ಅಂತ ಗೊತ್ತಾದರೆ ಮುಂದಿನ ಬರಹದಲ್ಲಿ ಗ್ರಾಫ್ ಸಮೇತ ಹಾಕುತ್ತೇನೆ.